ಕೆಳದವಡೆಯ ಎರಡು ಹಲ್ಲು

ಕಾಟ್ಟಿಕುಳಂ
೧೭ ಫೆಬ್ರವರಿ ೨೦೨೫

ಪ್ರೀತಿಯ ಅಮ್ಮ,

ಜೈ ಜಿನೇಂದ್ರ. ಒಂಬತ್ತು ದಿನಗಳಿಂದ ನೀನು ಫೋನ್ ಎತ್ತುತ್ತಿಲ್ಲ. ಮರಕ್ಕಡವಿನ ಮನೆಗೆ ಬಂದರೆ ಒಳಕೋಣೆ ಸೇರಿ ಅಗುಳಿ ಹಾಕಿಕೊಳ್ಳುತ್ತೀ. ಅದಕ್ಕೇ ಈ ಕಾಗದ. ನಾನು ಮಲಯಾಳಂ ಶಾಲೆಯಲ್ಲಿ ಓದಿದವಳು, ಕನ್ನಡದ ಅಕ್ಷರ ನೀನೇ ತಿದ್ದಿಸಿದ್ದು. ತಪ್ಪಿದ್ದರೆ ಬೈದುಕೊಂಡಾದರೂ ಕೊನೆಯವರೆಗೆ ಓದು.

ನನ್ನ ಹಲ್ಲಿನ ಕ್ಲಿನಿಕ್ಕಿನಲ್ಲಿ ನಿನಗೆ ನಾನು ಕೂರಿಸಿದ ಹಲ್ಲುಗಳನ್ನು ನಾನೇ ತೆಗೆದುಬಿಡಬೇಕೆಂದು ಸುಮಂತಣ್ಣನ ಹತ್ತಿರ ಹೇಳಿ ಕಳಿಸಿದ್ದೀ. ಆಗುವುದಿಲ್ಲ ಅಮ್ಮ. ಇದೊಂದು ಮಾತು ಹೇಳುವುದಕ್ಕೇ ನನಗೆ ಇಷ್ಟು ದಿನ ಬೇಕಾಯಿತು.

ಬಂಗಾರವಲ್ಲದ ಓಲೆ ಹಾಕಿದರೆ ನಿನ್ನ ಕಿವಿ ಹುಣ್ಣಾಗಿ ಸೋರುತ್ತಿತ್ತು. ದವಡೆಯೊಳಗೆ ಲೋಹ ಅಂದಾಗ ನೀನು ಹೆದರಿದ್ದು ಅದಕ್ಕೇ. ನಾನು ದೊಡ್ಡ ಡಾಕ್ಟರಮ್ಮನ ಹಾಗೆ ಪಾಠ ಮಾಡಿದೆ. ಕಿವಿಗೆ ಆಗದ್ದು ನಿಕಲ್, ಇದು ಟೈಟಾನಿಯಂ, ಜೊತೆಗೆ ಚೂರು ಅಲ್ಯೂಮಿನಿಯಂ, ವನೇಡಿಯಂ. ಗಾಳಿ ತಾಗಿದೊಡನೆ ಅದು ಮೈಮೇಲೆ ತೆಳು ಪದರ ಕಟ್ಟಿಕೊಳ್ಳುತ್ತದೆ, ದೇಹ ಅದನ್ನು ದೂಡುವುದಿಲ್ಲ, ಮೂಳೆಯೇ ಬಂದು ಹಿಡಿದುಕೊಳ್ಳುತ್ತದೆ ಎಂದೆ. ನೀನು ಎಲ್ಲ ಕೇಳಿಸಿಕೊಂಡು, ಇದ್ರಲ್ಲಿ ಜೀವದ್ದೇನೂ ಇಲ್ಲ ಅಲ್ವಾ ಮೋಳೆ, ಹೇಳು ಮಗಳೇ ಅಂತ ಕೇಳಿದೆ. ಹೊದಿಕೆ ಪ್ರಾಣಿಯದ್ದೆಂದು ಕ್ಯಾಪ್ಸೂಲ್ ಕೂಡ ಬಿಚ್ಚಿ ಪುಡಿ ಮಾತ್ರ ನುಂಗುವವಳು ನೀನು. ಇಲ್ಲ ಅಂದೆ. ಲೋಹದ ಮಟ್ಟಿಗೆ ಅದು ನಿಜವೇ.

ಆದರೆ ನಿನ್ನ ದವಡೆ ತೆಳುವಾಗಿತ್ತು. ಹಲ್ಲಿನ ಬೇರಿನ ಜಾಗಕ್ಕೆ ಲೋಹದ ತಿರುಪು ಕೂರಿಸಿದ ಮೇಲೆ ಅದರ ಒಂದು ಬದಿ ಬರಿದಾಗಿ ಕಾಣುತ್ತಿತ್ತು, ಮೂಳೆ ಬೆಳೆಯಲು ಆಸರೆಯಾಗುವ ಪುಡಿ ತುಂಬದೆ ಬಿಡುವಂತಿರಲಿಲ್ಲ. ಕಾರ್ಖಾನೆಯಲ್ಲಿ ಮಾಡಿದ ಪುಡಿ ಅಂದು ಮುಗಿದಿತ್ತು. ಇದ್ದದ್ದು ದನದ ಮೂಳೆಯ ಪುಡಿ. ಅದನ್ನೇ ತುಂಬಿ ಹೊಲಿದೆ. ಬಾಟಲಿಯ ಚೀಟಿ ಕಿತ್ತು ರೋಗಿಯ ಕಾರ್ಡಿಗೆ ಅಂಟಿಸುವುದು ನಮ್ಮ ಕೆಲಸದ ಪದ್ಧತಿ, ನಾಳೆ ಏನಾದರೂ ಆದರೆ ಒಳಗೆ ಹಾಕಿದ್ದು ಏನೆಂದು ತಿಳಿಯಬೇಕಲ್ಲ. ನಿನ್ನಿಂದ ಮುಚ್ಚಿಟ್ಟವಳು ನಾನೇ, ಆ ಚೀಟಿಯನ್ನು ನೀಟಾಗಿ ಅಂಟಿಸಿ ನಿನ್ನ ಕೈಗೆ ಕೊಟ್ಟವಳೂ ನಾನೇ. ನೀನು ಅದನ್ನು ಸ್ತೋತ್ರದ ಪುಸ್ತಕದೊಳಗೆ ಜೋಪಾನ ಮಾಡಿದೆ.

ಸನ್ಯಾಸಿನಿ ಮಾತಾಜಿಯವರು ಕಾಲ್ನಡಿಗೆಯಲ್ಲಿ ವಿಹಾರ ಮಾಡುತ್ತ ನಮ್ಮ ಕಡೆ ಬರಲಿ, ಒಮ್ಮೆ ನಿನ್ನ ಕೈಯಿಂದ ಆಹಾರ ಕೊಡಬೇಕು ಎಂದು ನೀನು ಹನ್ನೊಂದು ವರ್ಷ ಕಾದೆ. ಅವರು ಬರುವ ಹಿಂದಿನ ದಿನ ಅಂಜಲಿ ಅತ್ತಿಗೆ ಪುಸ್ತಕ ಒರೆಸುತ್ತ ಕಾರ್ಡಿನಲ್ಲಿದ್ದದ್ದನ್ನು ಓದಿ ಹೇಳಿದಳಂತೆ. ಮರುಬೆಳಗ್ಗೆ ನೀನು ಅವರನ್ನು ಆಹಾರಕ್ಕೆ ಕರೆಯಲು ಕಲಶ ಹಿಡಿದು ಬಾಗಿಲಲ್ಲಿ ನಿಂತೆ. ಮನಶುದ್ಧಿ ಅಂದೆ, ವಚನಶುದ್ಧಿ ಅಂದೆ. ಕಾಯಶುದ್ಧಿ ಅನ್ನಲು ನಿನಗೆ ಬಾಯಿ ಬರಲಿಲ್ಲ. ಅದನ್ನು ಹೇಳದವರ ಮನೆಯಲ್ಲಿ ಅವರು ಆಹಾರ ತೆಗೆದುಕೊಳ್ಳುವುದಿಲ್ಲ. ಪಕ್ಕದ ಮನೆಗೆ ನಡೆದರು. ಈಗ ಗಡಿಯ ಬಾವಲಿ ಊರು ದಾಟಿ ಹೋಗಿದ್ದಾರೆಂದು ಅಣ್ಣ ಹೇಳಿದ.

ಎಂಟು ತಿಂಗಳಲ್ಲಿ ಮೂಳೆ ಆ ಲೋಹವನ್ನು ಬಿಗಿಯಾಗಿ ಹಿಡಿದಿದೆ. ಕೊರೆದು ತೆಗೆಯಹೋದರೆ ದವಡೆಯೇ ಮುರಿಯಬಹುದು. ತೆಗೆದರೂ ಪುಡಿ ಪೂರ್ತಿ ಬರುವುದಿಲ್ಲ, ಅದರ ಸುತ್ತ ನಿನ್ನದೇ ಮೂಳೆ ಬೆಳೆದಿದೆ. ಎಕ್ಸ್‌ರೇ ಹಿಡಿದು ಎಷ್ಟು ನೋಡಿದರೂ ಯಾವುದು ಅದು, ಯಾವುದು ನೀನು ಎಂದು ನನಗೆ ತಿಳಿಯುತ್ತಿಲ್ಲ. ಆ ಪುಡಿಯಲ್ಲಿ ಜೀವದ್ದನ್ನೆಲ್ಲ ಸುಟ್ಟು ಖನಿಜ ಮಾತ್ರ ಉಳಿಸಿರುತ್ತಾರೆ ಎಂದು ವಾದಿಸಿ ಒಂದು ಪುಟ ಬರೆದಿದ್ದೆ. ಹರಿದು ಹಾಕಿದೆ.

ನೀನು ಗಂಜಿ ಮಾತ್ರ ಕುಡಿಯುತ್ತೀಯಂತೆ, ಆ ಬದಿಗೆ ಒಂದು ಅಗುಳೂ ತಾಗಿಸುವುದಿಲ್ಲವಂತೆ. ನನಗೆ ಭಯವಾಗುತ್ತಿದೆ. ಕ್ಷಮಾವಣಿಯ ದಿನ ಊರಿನವರೆಲ್ಲರ ಕ್ಷಮೆ ಕೇಳುತ್ತೇವೆ, ಇದನ್ನು ಮಾತ್ರ ಹೇಗೆ ಕೇಳಬೇಕೆಂದು ತೋಚುತ್ತಿಲ್ಲ. ಬೈಯುವುದಕ್ಕಾದರೂ ಒಮ್ಮೆ ಬಾಗಿಲು ತೆಗೆ.

ನಿನ್ನ ಮಗಳು,
ನಿಶಾ

ತಾ.ಕ.: ಕಾರ್ಖಾನೆಯ ಪುಡಿ ಮುಗಿದಿತ್ತು ಎಂದು ಮೇಲೆ ಬರೆದಿದ್ದೇನೆ. ಮುಗಿದಿರಲಿಲ್ಲ. ನನ್ನ ನರ್ಸ್ ಸಜಿತ ಅದನ್ನೇ ತಂದು, ಅಮ್ಮನಿಗೆ ಇದಲ್ಲವೇ ಎಂದು ಕೇಳಿದಳು. ದನದ್ದು ಹೆಚ್ಚು ಕಾಲ ನಿಲ್ಲುತ್ತದೆ ಎಂದು ಅವಳ ಕೈಯಲ್ಲಿದ್ದದ್ದನ್ನು ವಾಪಸ್ ಇಡಿಸಿದೆ. ಚೀಟಿ ಇಂಗ್ಲಿಷಿನಲ್ಲಿದೆ, ನಿನಗೆ ಇಂಗ್ಲಿಷ್ ಓದಲು ಬರುವುದಿಲ್ಲವಲ್ಲ ಅಂದುಕೊಂಡೆ.