ಅಡ್ಡ ಎಳೆಯ ಪಟ್ಟಿ

ಗೆಂಟ್
ಮಾರ್ಚ್ ೧೪

ಪ್ರೀತಿಯ ರೋದಿಕಾ ಅಕ್ಕ,

ಕಾಗದಕ್ಕೆ ಬಹಳ ಕಾಯಿಸಿದೆ, ಬೈದುಬಿಡು. ಬಟ್ಟೆ ಬೆಸೆಯುವ ಬಿಸಿಗಾಳಿ ಯಂತ್ರ ತಗುಲಿ ಎರಡು ಬೆರಳು ಸುಟ್ಟಿವೆ. ಅದಕ್ಕೇ ಫೋನಿಗೆ ಹೇಳಿ ಬರೆಸುತ್ತಿದ್ದೇನೆ. ಗಾಬರಿಯಾಗಬೇಡ, ಬೊಬ್ಬೆ ಒಣಗುತ್ತಿದೆ. ನಿನ್ನ ಮಂಡಿನೋವು ಹೇಗಿದೆ? ನೀನು ಕಳಿಸಿದ ಆಕ್ರೋಟನ್ನು ಇಲ್ಲಿಯವರು ಒಂದೇ ದಿನಕ್ಕೆ ಮುಗಿಸಿದರು.

ಊರೂರು ತಿರುಗುವ ನಾಟಕದವರಿಗೆ ಡೇರೆ ಮಾಡುತ್ತಿದ್ದೇವೆ ಎಂದಿದ್ದೆನಲ್ಲ, ಅದನ್ನು ಹೊತ್ತಿಗೆ ಸರಿಯಾಗಿ ಮುಗಿಸಿದರೆ ಕಾರ್ಖಾನೆಯ ಮೇಲಿನ ಕೋಣೆ ನನಗೆ ಎಂದಿದ್ದರು ಯಜಮಾನ ಲೀವನ್. ಎರಡು ಮಂಚ ಹಿಡಿಯುವ ಕೋಣೆ. ಬೇಸಿಗೆಗೆ ಸಾಂದಾಳನ್ನು ನಿನ್ನಲ್ಲಿಂದ ಕರೆಸಿಕೊಳ್ಳಬಹುದು, ಮಗಳು ನನ್ನ ಪಕ್ಕದಲ್ಲೇ ಮಲಗಬಹುದು. ತಲೆಯಲ್ಲಿ ಅದೊಂದೇ ಇತ್ತು.

ಈ ಬಟ್ಟೆಯನ್ನು ಬೇಕಾದ ಅಳತೆಗಿಂತ ಚಿಕ್ಕದಾಗಿಯೇ ಕತ್ತರಿಸುತ್ತೇವೆ. ಕಂಬಕ್ಕೆ ಕಟ್ಟಿ ಎಳೆದಾಗ ಹಿಗ್ಗಿ ಅಳತೆಗೆ ಬರುತ್ತದೆ. ಉದ್ದದ ಎಳೆ ಕಡಿಮೆ ಹಿಗ್ಗುತ್ತದೆ, ಅಡ್ಡ ಎಳೆ ಜಾಸ್ತಿ. ಹಾಗಾಗಿ ಬೆಸೆಯುವ ಬಟ್ಟೆಯ ಪಟ್ಟಿಗಳ ಎಳೆಯೆಲ್ಲ ಒಂದೇ ದಿಕ್ಕಿಗಿರಬೇಕು. ಕೊನೆಯ ಪಟ್ಟಿಗೆ ಬಟ್ಟೆ ಸಾಲಲಿಲ್ಲ. ಹೊಸ ಸುರುಳಿ ಬರಲು ವಾರ ಬೇಕಿತ್ತು. ಉಳಿದ ತುಂಡನ್ನು ಅಡ್ಡಕ್ಕೆ ತಿರುಗಿಸಿದರೆ ಸರಿಯಾಗಿ ಕೂರುತ್ತಿತ್ತು. ತಿರುಗಿಸಿ ಬೆಸೆದೆ. ಬಿಳಿ ಬಟ್ಟೆ, ಯಾರಿಗೂ ಗೊತ್ತಾಗಲಿಲ್ಲ.

ಓಸ್ಟೆಂಡಿನ ಕಡಲ ದಂಡೆಯಲ್ಲಿ ಡೇರೆ ಎದ್ದಿತು, ನಾನೂ ಹೋಗಿದ್ದೆ. ಮೊದಲ ದಿನ ಬಿಸಿಲು. ಮರುದಿನ ಮಳೆ. ಆ ಒಂದು ಪಟ್ಟಿ ಮಾತ್ರ ಹೆಚ್ಚು ಹಿಗ್ಗಿ ಜೋತುಬಿದ್ದು, ನೀರು ತುಂಬಿಕೊಂಡು, ಬಸುರಿ ಹೊಟ್ಟೆಯ ಹಾಗೆ ಇಳಿಯತೊಡಗಿತು. ಅದರ ಕೆಳಗೇ ಮಕ್ಕಳು ಕೂತಿದ್ದರು. ಡೇರೆ ನಿಲ್ಲಿಸುವ ತಂಡದ ಗ್ರೀಟ್ ಅರಚಿದಳು: "ಎಲ್ರನ್ನೂ ಆಚೆ ಕಳಿಸ್ರೋ! ಈಗ್ಲೇ!"

ಯಾರಿಗೂ ಏನೂ ಆಗಲಿಲ್ಲ ಅಕ್ಕ. ಆಟ ನಿಂತಿತು, ಅಷ್ಟೆ.

ಡೇರೆ ಇಳಿಸಿದ ಮೇಲೆ ಲೀವನ್ ಬಂದು ಪಟ್ಟಿಯನ್ನು ಬೆಳಕಿಗೆ ಹಿಡಿದು ಎಳೆ ನೋಡಿದರು.

"ಇದನ್ನ ಯಾರು ತಿರುಗ್ಸಿದ್ದು?"

"ನಾನೇ."

"ಒಂದು ವಾರ ಕಾಯೋಕಾಗ್ಲಿಲ್ವಾ?"

"ಹೊತ್ತಿಗೆ ಮುಗ್ಸು ಅಂದ್ರಲ್ಲ."

"ಮುಗ್ಸು ಅಂದೆ. ನನ್ಗೆ ಹೇಳ್ಬೇಡ ಅಂದ್ನಾ?"

"ಬಿಡಿ ಲೀವನ್," ಎಂದಳು ಗ್ರೀಟ್, "ಓಸ್ಟೆಂಡಿನೋರಿಗೆ ಕಡ್ಲು ಸಾಲ್ದು ಅಂತ ಈಜುಕೊಳಾನೂ ಕೊಟ್ಟಿದಾಳೆ." ಯಾರೂ ನಗಲಿಲ್ಲ.

ಇಲ್ಲೊಂದು ರೂಢಿಯಿದೆ: ತಪ್ಪು ಪಟ್ಟಿ ಹಾಕಿದವರು ಆ ಡೇರೆಯ ಜೊತೆಯೇ ತಿರುಗಬೇಕು. "ನೀನು ಮಾಡಿದ್ದರ ಕೆಳಗೆ ನೀನೇ ಒಂದು ವರ್ಷ ನಿಂತ್ಕೊ," ಎಂದರು ಲೀವನ್. ಕೆಲಸದಿಂದ ತೆಗೆಯಲಿಲ್ಲ, ಒಳ್ಳೆಯವರು. ಸೋಮವಾರ ಹೊರಡುತ್ತೇವೆ. ಮಲಗುವುದು ಲಾರಿಯಲ್ಲಿ. ಹತ್ತಾರು ಊರು ನೋಡಿದ ಹಾಗಾಯಿತು, ಅಲ್ಲವಾ?

ದೇವರು ನಿಮ್ಮಿಬ್ಬರನ್ನೂ ಬೆಚ್ಚಗಿಡಲಿ. ಸಾಂದಾಳ ಹಣೆಗೊಂದು ಮುತ್ತು.

ನಿನ್ನ ತಂಗಿ,
ಇಲಿಂಕಾ

ಮರೆತಿದ್ದೆ: ಭಾನುವಾರ ನಾನು ಫೋನ್ ಮಾಡಿದಾಗ ಸಾಂದಾ, "ಅಮ್ಮಾ, ಇಲಿಂಕಾ ಫೋನು" ಎಂದು ನಿನ್ನನ್ನು ಕೂಗಿದಳು. ನೀನು, "ಅವ್ಳೇ ಕಣೇ ನಿನ್ನಮ್ಮ" ಎಂದು ಗದರಿದೆ. ಇನ್ನು ಗದರಬೇಡ ಅಕ್ಕ, ಹಾಗೇ ಕರೆಯಲಿ. ಆ ಕೋಣೆಗೆ ಬೇರೆಯವರು ಬಂದಾಯಿತು. ಅವಳಿಗೆಂದು ಕೊಂಡಿದ್ದ ಹೊದಿಕೆಯನ್ನು ಲಾರಿಗೆ ಒಯ್ಯುತ್ತಿದ್ದೇನೆ. ಹೊದ್ದುಕೊಂಡರೆ ನನಗೆ ಮೊಣಕಾಲಿನವರೆಗಷ್ಟೇ ಬರುತ್ತದೆ.