ಪುಟ್ಟಿ ಒತ್ತಿದ ಅಂಗೈ

ಪುಟ್ಟಿಯ ಅಮ್ಮನಿಗೆ,

ಹರಿದು ಹಾಕಬೇಡ, ಇದು ಜಗಳದ ಪತ್ರವಲ್ಲ. ನನ್ನ ಪಾಲಿನ ಭಾನುವಾರ ಮಗಳನ್ನು ಲ್ಯಾಬಿಗೆ ಕರೆದೊಯ್ದಿದ್ದೆ. ಸೂಕ್ಷ್ಮಜೀವಿ ಬೆಳೆಸುವ ಗಾಜಿನ ತಟ್ಟೆಗೆ ಅಂಗೈ ಒತ್ತಿ, "ಏನೂ ಕಾಣಿಸ್ತಿಲ್ಲಪ್ಪಾ" ಅಂದಳು. "ಎರಡು ದಿನ ತಡಿ" ಅಂದೆ. ಸಂಜೆಗೆ ನಿನ್ನ ಮನೆ ಸೇರಿದಳು.

ಮಂಗಳವಾರ ನೋಡಿದರೆ ಬಿಳಿ, ಹಳದಿ ಚುಕ್ಕೆಗಳಲ್ಲಿ ಐದೂ ಬೆರಳು ಮೂಡಿದ್ದವು. ಹೆದರಬೇಡ, ಎಲ್ಲರ ಕೈಯಲ್ಲೂ ಈ ಜೀವಿಗಳು ಇರುತ್ತವೆ. ಹೆಬ್ಬೆರಳಲ್ಲಿ ಮಾತ್ರ ವಿಪರೀತ. ಇನ್ನೂ ಚೀಪುತ್ತಾಳಾ?

ಇಂಥ ತಟ್ಟೆಗಳನ್ನು ಬಿಸಿ ಆವಿಯಲ್ಲಿಟ್ಟು ನಾಶಮಾಡುವುದು ನನ್ನ ಕೆಲಸ. ಇದನ್ನು ಎಲ್ಲಕ್ಕಿಂತ ಕೊನೆಗೆ ಹಾಕಿದೆ.

ನಿನ್ನ ಸೋಪಿನ ಹುಚ್ಚು ನನಗೆ ಗೊತ್ತು. ಆದರೂ ಮುಂದಿನ ಸಲ ಅವಳ ಕೈ ತೊಳೆಸದೆ ಕಳಿಸು. ನೀನೇ ಕರೆತರುವುದಾದರೆ ನಿನ್ನ ಅಂಗೈಗೂ ಒಂದು ತಟ್ಟೆ ತೆಗೆದಿಡುತ್ತೇನೆ.

ಇಂತಿ,
ಪುಟ್ಟಿಯ ಅಪ್ಪ