ಕತ್ರಿಗುಪ್ಪೆಯ ಮಗ್ಗದ ಷೆಡ್ಡು

ಅಪ್ಪಾ,

ವರ್ಷಗಳಿಂದ ಬೀಗ ಬಿದ್ದಿದ್ದ ನಿಮ್ಮ ಮಗ್ಗದ ಷೆಡ್ಡಿನಲ್ಲಿ ಇವತ್ತು ಹಾಲು ಉಕ್ಕಿಸಿದೆವು. ಬಿಲ್ಡರ್‌ಗೆ ಕೊಟ್ಟುಬಿಡು ಎಂದು ಕೊನೆಯವರೆಗೂ ಹೇಳಿದಿರಿ. ನಾನು ಕೊಡಲಿಲ್ಲ. ಗೋಡೆ ಕೆಡವದೆ, ಹಳೆಯ ತೊಲೆಗಳಿಂದಲೇ ಅಟ್ಟ ಮಾಡಿಸಿದೆ. ಸೂರಿನ ಮಳೆನೀರು ಈಗ ನಮ್ಮ ಸಂಪ್‌ಗೇ ಬರುತ್ತದೆ.

ಚಿಕ್ಕಪ್ಪ ಎಲ್ಲರೆದುರು, "ಷೆಡ್ಡಲ್ಲಿ ಯಾರಾದ್ರೂ ಸಂಸಾರ ಮಾಡ್ತಾರೇನಮ್ಮಾ? ಅಣ್ಣ ಇದ್ದಿದ್ರೆ ಒಪ್ತಿರ್ಲಿಲ್ಲ" ಎಂದರು.

"ಗೊತ್ತು ಚಿಕ್ಕಪ್ಪ. ಆದ್ರೂ ಮಾಡ್ದೆ" ಎಂದೆ.

ಹೆಂಗಸರು ಒಳಗೆ ಬರಬಾರದೆಂದು ನೀವು ಅಮ್ಮನಿಂದ ಊಟದ ಕ್ಯಾರಿಯರನ್ನು ಗೇಟಿನಲ್ಲೇ ತೆಗೆದುಕೊಳ್ಳುತ್ತಿದ್ದಿರಿ. ಇವತ್ತು ಅವಳು ಬಲಗಾಲಿಟ್ಟು ಒಳಗೆ ಬಂದಳು. ಸೂರಿನ ಗಾಜುಗಳಿಂದ ಇಳಿಯುವ ಬಿಸಿಲನ್ನು ನೋಡುತ್ತ ನಿಂತುಬಿಟ್ಟಳು.

"ಇಷ್ಟೊಂದು ಬೆಳಕಿತ್ತೇನೇ ಇಲ್ಲಿ? ಅವರು ಒಂದ್ಸಲನೂ ಹೇಳ್ಲೇ ಇಲ್ವಲ್ಲೇ" ಎಂದಳು.

ಅವಳ ಮಂಚವನ್ನು ಅಲ್ಲೇ, ಆ ಗಾಜಿನ ಕೆಳಗೇ ಹಾಕಿಸಿದೆ.

ಹೇಮಶ್ರೀ